ಎಂಟನೆಯ ಸ್ಥಾನದ ಜಗಳ: ದೊಡ್ಡ ಪಂದ್ಯದ ಮುನ್ನಾದಿನ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಪಂದ್ಯಕ್ಕೆ ಒಂದು ದಿನ ಉಳಿದಿದೆ ಎನ್ನುವಾಗ, ನಮ್ಮ ಬಡಾವಣೆಯ ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುವ ನಾವು ಆರೇಳು ಮಂದಿ ಇದ್ದಕ್ಕಿದ್ದಂತೆ ಆಯ್ಕೆ ಸಮಿತಿಯಾಗುತ್ತೇವೆ. ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಹೆಸರುಗಳು ಇಳಿಯುತ್ತವೆ. ಏಳು ಹೆಸರುಗಳವರೆಗೆ ಯಾರದೂ ತಕರಾರಿಲ್ಲ. ಎಂಟಕ್ಕೆ, ಅಂದರೆ ಬ್ಯಾಟಿಂಗ್ ಸರದಿಯ ಎಂಟನೆಯ ಸ್ಥಾನಕ್ಕೆ, ಬಂದಾಗ ಪೆನ್ನು ನಿಲ್ಲುತ್ತದೆ, ಕಾಫಿ ಆರುತ್ತದೆ. ಇಷ್ಟು ವರ್ಷಗಳಲ್ಲಿ ಕೇಳಿದ ಪ್ರಶ್ನೆಗಳು ಅವೇ. ನಾನು ಕೊಟ್ಟ ಉತ್ತರಗಳೂ ಹೆಚ್ಚುಕಡಿಮೆ ಅವೇ. ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಆಯಿತು ಎಂದು ಕುಳಿತೆ. ಉದಾಹರಣೆಗೆ ಹೆಚ್ಚಾಗಿ ಬಳಸಿರುವುದು 2023ರ ಜೂನ್‌ನಲ್ಲಿ ಲಂಡನ್ನಿನ ಓವಲ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ನಡೆದ ವಿಶ್ವ ಟೆಸ್ಟ್ ಕ್ರಿಕೆಟ್ ಚಾಂಪಿಯನ್‌ಷಿಪ್ ಫೈನಲ್ ಪಂದ್ಯವನ್ನು. ಅದಕ್ಕಿಂತ ಹೆಚ್ಚು ಕಾಫಿ ಆರಿಸಿದ ಪಂದ್ಯ ನನಗೆ ನೆನಪಿಲ್ಲ.

ತಂಡವನ್ನು ನಿಜವಾಗಿ ಆರಿಸುವವರು ಯಾರು? ಆಯ್ಕೆಗಾರರೋ, ನಾಯಕನೋ?

ಎರಡು ಆಯ್ಕೆಗಳಿವೆ, ಜನ ಅವನ್ನು ಬೆರೆಸಿಬಿಡುತ್ತಾರೆ. ಹದಿನೈದೋ ಹದಿನಾರೋ ಆಟಗಾರರ ಪಟ್ಟಿಯನ್ನು ಮಾಡುವುದು ಬಿಸಿಸಿಐನ ಐವರ ಆಯ್ಕೆ ಸಮಿತಿ. ಅವರಲ್ಲಿ ಪಂದ್ಯದ ದಿನ ಮೈದಾನಕ್ಕೆ ಇಳಿಯುವ ಹನ್ನೊಂದು ಮಂದಿ ಯಾರೆಂದು ತೀರ್ಮಾನಿಸುವುದು, ಅದರಲ್ಲೂ ವಿದೇಶ ಪ್ರವಾಸದಲ್ಲಿ, ನಾಯಕ ಮತ್ತು ಕೋಚ್. ಓವಲ್‌ನಲ್ಲಿ ಆ ಇಬ್ಬರು ರೋಹಿತ್ ಶರ್ಮ ಮತ್ತು ನಮ್ಮ ರಾಹುಲ್ ದ್ರಾವಿಡ್. ಆದ್ದರಿಂದ ಆಫ್ ಸ್ಪಿನ್ನರ್ ಅಶ್ವಿನ್ ಅವರನ್ನು ಆ ಪಂದ್ಯದಲ್ಲಿ ಆಡಿಸದೆ ಕೂರಿಸಿದ್ದಕ್ಕೆ ಆಯ್ಕೆ ಸಮಿತಿಯನ್ನು ಬೈದವರು ತಪ್ಪು ಬಾಗಿಲು ಬಡಿದರು. ಸಮಿತಿ ಅವರನ್ನು ವಿಮಾನ ಹತ್ತಿಸಿಯೇ ಇತ್ತು.

ಹನ್ನೊಂದು ಹೆಸರುಗಳು ಗಟ್ಟಿಯಾಗುವುದು ಯಾವಾಗ? ಟಾಸ್ ಸೋತ ಮೇಲೆ ಬದಲಾಯಿಸಬಹುದೇ?

ಟಾಸ್‌ಗೆ ಮೊದಲು ನಾಯಕ ಲಿಖಿತ ಪಟ್ಟಿ ಕೊಡಬೇಕು. ಅನಂತರ ಬದಲಾವಣೆ ಬೇಕೆಂದರೆ ಎದುರಾಳಿ ನಾಯಕನ ಒಪ್ಪಿಗೆ ಬೇಕು. 2019ರಿಂದ ತಲೆಗೆ ಪೆಟ್ಟು ಬಿದ್ದವರ ಬದಲಿಗೆ ಅದೇ ಬಗೆಯ ಆಟಗಾರನನ್ನು ಇಳಿಸುವ ಅವಕಾಶವಿದೆ. ಹನ್ನೆರಡನೆಯವನು ಫೀಲ್ಡಿಂಗ್ ಮಾಡಬಹುದು, ನೀರು ತರಬಹುದು; ಚೆಂಡು ಎಸೆಯುವಂತಿಲ್ಲ, ಬ್ಯಾಟ್ ಹಿಡಿಯುವಂತಿಲ್ಲ. ಅಷ್ಟೇ.

ಎಲ್ಲರೂ ಓವಲ್ ಪಂದ್ಯವನ್ನೇ ಯಾಕೆ ಎತ್ತುತ್ತಾರೆ?

ಯಾಕೆಂದರೆ ಅಲ್ಲಿ ಕೂರಿಸಿದ್ದು ಆ ಹೊತ್ತಿನ ವಿಶ್ವದ ನಂಬರ್ ಒನ್ ಟೆಸ್ಟ್ ಬೌಲರನ್ನು. ಮೂರು ತಿಂಗಳ ಹಿಂದಷ್ಟೇ, ಇದೇ ಆಸ್ಟ್ರೇಲಿಯಾ ವಿರುದ್ಧ ಭಾರತದಲ್ಲಿ ನಡೆದ ನಾಲ್ಕು ಟೆಸ್ಟ್‌ಗಳಲ್ಲಿ ಅಶ್ವಿನ್ 25 ವಿಕೆಟ್ ತೆಗೆದು ಜಡೇಜ ಅವರೊಂದಿಗೆ ಸರಣಿಶ್ರೇಷ್ಠ ಪ್ರಶಸ್ತಿ ಹಂಚಿಕೊಂಡಿದ್ದರು. ಎಡಗೈ ಬ್ಯಾಟರ್‌ಗಳೆಂದರೆ ಅವರಿಗೆ ಹಬ್ಬ. ಟೆಸ್ಟ್‌ನಲ್ಲಿ ಇನ್ನೂರು ಎಡಗೈ ಬ್ಯಾಟರ್‌ಗಳನ್ನು ಔಟ್ ಮಾಡಿದ ಮೊದಲ ಬೌಲರ್ ಅವರೇ. ಆಸ್ಟ್ರೇಲಿಯಾದ ಮೊದಲ ಎಂಟು ಮಂದಿಯಲ್ಲಿ ಐವರು ಎಡಗೈಯವರು: ಖವಾಜ, ವಾರ್ನರ್, ಹೆಡ್, ಕ್ಯಾರಿ, ಸ್ಟಾರ್ಕ್. ಸಾಮಾನ್ಯವಾಗಿ ಇಂಥ ವಿಷಯಗಳಲ್ಲಿ ಬಾಯಿ ಬಿಡದ ಸಚಿನ್ ತೆಂಡೂಲ್ಕರ್ ಕೂಡ ಪಂದ್ಯ ಮುಗಿದ ಮೇಲೆ ಈ ಲೆಕ್ಕವನ್ನೇ ಮುಂದಿಟ್ಟು, ಅಶ್ವಿನ್ ಅವರನ್ನು ಬಿಟ್ಟದ್ದು ತಮಗೆ ಅರ್ಥವಾಗಲಿಲ್ಲ ಎಂದರು.

ನಡೆದದ್ದು ಹೀಗೆ. ಜೂನ್ 7ರ ಬೆಳಿಗ್ಗೆ ಮೋಡ, ಹಸಿರು ಪಿಚ್. ಟಾಸ್ ಗೆದ್ದ ರೋಹಿತ್ ಬೌಲಿಂಗ್ ಆರಿಸಿಕೊಂಡರು. ನಾಲ್ವರು ವೇಗಿಗಳು, ಒಬ್ಬ ಸ್ಪಿನ್ನರ್, ಜಡೇಜ. ಊಟದ ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ಆಸ್ಟ್ರೇಲಿಯಾ 3 ವಿಕೆಟ್‌ಗೆ 76. ನಮ್ಮ ಗುಂಪಿನಲ್ಲಿ ಶಾರ್ದೂಲ್ ಪಕ್ಷದವನೊಬ್ಬ (ಎಂಟರಲ್ಲಿ ಬ್ಯಾಟ್ ಕೂಡ ಬೀಸಬಲ್ಲ ವೇಗಿ ಶಾರ್ದೂಲ್ ಠಾಕೂರ್ ಇರಲಿ ಎನ್ನುವವನು) ಅಲ್ಲಿಯವರೆಗೆ ಸುಮ್ಮನಿದ್ದವನು ಅದೇ ಗಳಿಗೆಯಲ್ಲಿ ನನಗೆ ಫೋನ್ ಮಾಡಿ, ‘ಏನು ಸಾರ್, ಸ್ಪಿನ್ನರ್ ಬೇಕಿತ್ತೇ?’ ಎಂದು ಕೇಳಿದ. ಫೋನ್ ಇಡುವಷ್ಟರಲ್ಲಿ ಬಿಸಿಲು ಬಂತು. ಟ್ರಾವಿಸ್ ಹೆಡ್ 163, ಸ್ಟೀವ್ ಸ್ಮಿತ್ 121, ಇಬ್ಬರ ಜೊತೆಯಾಟ 285. ದಿನದ ಕೊನೆಗೆ 3 ವಿಕೆಟ್‌ಗೆ 327. ಒಟ್ಟು 469. ಐದನೆಯ ದಿನ ಭಾರತ 209 ರನ್‌ಗಳಿಂದ ಸೋತಿತು. ಆ ಮಿತ್ರ ಐದೂ ದಿನ ಮತ್ತೆ ಫೋನ್ ಮಾಡಲಿಲ್ಲ.

ಬಿಟ್ಟವರಿಗೂ ಏನಾದರೂ ಕಾರಣವಿತ್ತೇ?

ಇತ್ತು. ಕೆಟ್ಟ ಕಾರಣವೂ ಅಲ್ಲ. ತೀರ್ಪು ಕೊಡುವ ಮುನ್ನ ಅದನ್ನು ಪೂರ್ತಿ ಕೇಳಬೇಕು.

ಓವಲ್‌ನಲ್ಲಿ ಟೆಸ್ಟ್ ನಡೆಯುವುದು ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ. ಆಗ ಪಿಚ್ ಒಣಗಿರುತ್ತದೆ. ಜೂನ್‌ನಲ್ಲಿ ಅಲ್ಲಿ ಟೆಸ್ಟ್ ನಡೆದದ್ದು ಅದೇ ಮೊದಲು. ಹಾಗಾಗಿ ಹಳೆಯ ಅಂಕಿಅಂಶಗಳನ್ನು ನಂಬುವಂತಿರಲಿಲ್ಲ. ಇನ್ನೊಂದು, ಎರಡು ವರ್ಷಗಳ ಹಿಂದಿನ ನೆನಪು. 2021ರ ಸೆಪ್ಟೆಂಬರ್‌ನಲ್ಲಿ ಇದೇ ಓವಲ್‌ನಲ್ಲಿ ಭಾರತ ಇಂಗ್ಲೆಂಡನ್ನು 157 ರನ್‌ಗಳಿಂದ ಸೋಲಿಸಿತ್ತು. ಆಗಲೂ ಅಶ್ವಿನ್ ಹೊರಗಿದ್ದರು, ಆಗಲೂ ಊರೆಲ್ಲ ಗೊಣಗಿತ್ತು. ಆ ಪಂದ್ಯದಲ್ಲಿ ಎಂಟನೆಯವರಾಗಿ ಬಂದ ಶಾರ್ದೂಲ್ ಠಾಕೂರ್ ಎರಡು ಇನಿಂಗ್ಸ್‌ಗಳಲ್ಲಿ 57 ಮತ್ತು 60 ಹೊಡೆದಿದ್ದರು. ಗೆದ್ದ ಸೂತ್ರವನ್ನು ಯಾರು ಬಿಡುತ್ತಾರೆ? ಮದುವೆ ಸಾಂಗವಾಗಿ ನಡೆದ ಛತ್ರವನ್ನೇ ಎರಡನೆಯ ಮಗಳಿಗೂ ಗೊತ್ತುಮಾಡುತ್ತೇವಲ್ಲ, ಹಾಗೆ.

ಆದರೆ ಆ ನೆನಪಿನಲ್ಲಿ ಒಂದು ಪುಟ ಹರಿದುಹೋಗಿತ್ತು. ಅದೇ 2021ರ ಜುಲೈನಲ್ಲಿ, ಅದೇ ಓವಲ್ ಮೈದಾನದಲ್ಲಿ, ಸರ್‍ರೆ ಕೌಂಟಿ ತಂಡಕ್ಕೆ ಆಡಿದ ಅಶ್ವಿನ್ ಸಾಮರ್‌ಸೆಟ್ ವಿರುದ್ಧ ಒಂದು ಇನಿಂಗ್ಸ್‌ನಲ್ಲಿ 27 ರನ್‌ಗೆ 6 ವಿಕೆಟ್ ತೆಗೆದಿದ್ದರು. ಅಲ್ಲಿ ಅವರು ಹೊಸ ಚೆಂಡನ್ನೂ ಹಿಡಿದಿದ್ದರು.

ಅಶ್ವಿನ್ ಆಡಿದ್ದರೆ ಗೆಲ್ಲುತ್ತಿದ್ದೆವೇ?

ಇದು ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ. ನನ್ನ ಉತ್ತರ ನನ್ನ ಪಕ್ಷದವರಿಗೇ ರುಚಿಸುವುದಿಲ್ಲ: ಬಹುಶಃ ಇಲ್ಲ.

ಮೊದಲ ಇನಿಂಗ್ಸ್‌ನಲ್ಲಿ ಭಾರತದ ನಾಲ್ಕು ವಿಕೆಟ್‌ಗಳು 71ಕ್ಕೇ ಹೋಗಿದ್ದವು. ಗಿಲ್ ಮತ್ತು ಪೂಜಾರ ಇಬ್ಬರೂ ಚೆಂಡನ್ನು ಬಿಡಲು ಹೋಗಿ ಬೌಲ್ಡ್ ಆದರು. ಬ್ಯಾಟ್ ಎತ್ತಿ ನಿಂತವರ ಹಿಂದೆ ಬೇಲ್ಸ್ ಹಾರಿದ ಆ ಎರಡು ದೃಶ್ಯಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಇದಕ್ಕೆ ಆಫ್ ಸ್ಪಿನ್ನರ್ ಏನು ಮಾಡಿಯಾನು? 296ಕ್ಕೆ ತಂಡ ಮುಟ್ಟಿದ್ದೇ ರಹಾನೆ 89 ಮತ್ತು ನಾವು ಬೈಯುತ್ತಿದ್ದ ಶಾರ್ದೂಲ್ 51 ಹೊಡೆದು, ಇಬ್ಬರೂ ಸೇರಿ 109 ರನ್ ಕೂಡಿಸಿದ್ದರಿಂದ. ಕೊನೆಯ ದಿನ ಇನ್ನೂ 280 ರನ್ ಬೇಕಿದ್ದು ಏಳು ವಿಕೆಟ್‌ಗಳಿದ್ದವು. ಆ ಏಳೂ 70 ರನ್‌ಗಳಲ್ಲಿ ಉದುರಿದವು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಎರಡನೆಯ ಇನಿಂಗ್ಸ್‌ನಲ್ಲಿ ಜಡೇಜ 58ಕ್ಕೆ 3 ತೆಗೆದರು. ಆಸ್ಟ್ರೇಲಿಯಾದ ಆಫ್ ಸ್ಪಿನ್ನರ್ ಲಯನ್ 41ಕ್ಕೆ 4. ಪಿಚ್ ಕೊನೆಯವರೆಗೂ ವೇಗಿಗಳದ್ದೇ ಎಂಬ ಊಹೆ ಸುಳ್ಳಾಯಿತು. ಅಶ್ವಿನ್ ಇದ್ದಿದ್ದರೆ ಹೆಡ್ ಅಷ್ಟು ಸಲೀಸಾಗಿ 163 ಹೊಡೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಸೋಲು 209ರ ಬದಲು ನೂರರ ಒಳಗಿರುತ್ತಿತ್ತೇನೋ. ಸೋಲು ಸೋಲೇ.

ಹಾಗಾದರೆ ಜಗಳ ಯಾಕೆ? ನೀವಾಗಿದ್ದರೆ ಯಾರನ್ನು ಬಿಡುತ್ತಿದ್ದಿರಿ?

ಉಮೇಶ್ ಯಾದವ್ ಅವರನ್ನು. ಪಂದ್ಯದ ಹಿಂದಿನ ಸಂಜೆಯ ಚೀಟಿಯಲ್ಲೂ ಹಾಗೆಯೇ ಬರೆದಿದ್ದೆ. ಮುಗಿದ ಮೇಲೆ ಜಾಣನಾದವನಲ್ಲ. ಶಾರ್ದೂಲ್ ಇರಲಿ, ಶಮಿ, ಸಿರಾಜ್ ಇರಲಿ, ನಾಲ್ಕನೆಯ ವೇಗಿಯ ಜಾಗಕ್ಕೆ ಅಶ್ವಿನ್ ಬರಲಿ. ಉಮೇಶ್ ಮೊದಲ ಇನಿಂಗ್ಸ್‌ನಲ್ಲಿ 77 ರನ್ ಕೊಟ್ಟು ವಿಕೆಟ್ ಪಡೆಯಲಿಲ್ಲ. ಎರಡನೆಯದರಲ್ಲಿ ಎರಡು ತೆಗೆದರು, ಅದನ್ನೂ ಹೇಳಿಬಿಡುತ್ತೇನೆ.

ಜಗಳ ಆಗಬೇಕಾದದ್ದು ಫಲಿತಾಂಶಕ್ಕಾಗಿ ಅಲ್ಲ, ಲೆಕ್ಕಾಚಾರಕ್ಕಾಗಿ. ಐದು ದಿನದ ಪಂದ್ಯದ ತಂಡವನ್ನು ಒಂದು ಬೆಳಗಿನ ಮೋಡ ನೋಡಿ ಕಟ್ಟಿದರು. ಮೋಡ ಊಟದ ಹೊತ್ತಿಗೆ ಚದುರಿತು, ತಂಡ ಐದು ದಿನವೂ ಅದೇ ಇತ್ತು.

ಎಂಟನೆಯ ಸ್ಥಾನ ಎಂದು ಪದೇ ಪದೇ ಹೇಳುತ್ತೀರಿ. ಏನದು?

ಜನ ‘ಹನ್ನೊಂದನೆಯವನು ಯಾರು’ ಎಂದು ಜಗಳವಾಡುತ್ತಾರೆ. ಗಂಟು ಇರುವುದು ಎಂಟರಲ್ಲಿ. ಒಂದರಿಂದ ಏಳರವರೆಗೆ ಬ್ಯಾಟರ್‌ಗಳು, ಕೀಪರ್, ಒಬ್ಬ ಆಲ್‌ರೌಂಡರ್. ಒಂಬತ್ತರಿಂದ ಹನ್ನೊಂದರವರೆಗೆ ಬರೀ ಬೌಲರ್‌ಗಳು. ಎಂಟನೆಯವನು ಎರಡೂ ಮನೆಗೆ ಸೇರಿದ ಅಳಿಯನಂತೆ. ಅವನು ಮೊದಲು ವಿಕೆಟ್ ತೆಗೆಯುವವನೋ, ಕಷ್ಟಕ್ಕೆ ಮೂವತ್ತು ರನ್ ಹೊಡೆಯುವವನೋ? ಮೇಲಿನ ಏಳು ಜನರ ಮೇಲೆ ನಂಬಿಕೆ ಇದ್ದರೆ ಉತ್ತರ ಒಂದು, ಇಲ್ಲದಿದ್ದರೆ ಇನ್ನೊಂದು. ಭಾರತ ತಂಡ ದೊಡ್ಡ ಪಂದ್ಯದಲ್ಲಿ ಒಳ್ಳೆಯ ಬೌಲರನ್ನು ಕೂರಿಸಿದಾಗಲೆಲ್ಲ ನಾನು ಬ್ಯಾಟಿಂಗ್ ಪಟ್ಟಿಯತ್ತ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲೇ ಎಲ್ಲೋ ಒಂದು ಭಯ ಅಡಗಿರುತ್ತದೆ.

2019ರ ವಿಶ್ವಕಪ್ ಸೆಮಿಫೈನಲ್ ನೋಡಿ. ಶಮಿ ನಾಲ್ಕೇ ಪಂದ್ಯಗಳಲ್ಲಿ 14 ವಿಕೆಟ್ ತೆಗೆದಿದ್ದರು, ಅಫ್ಗಾನಿಸ್ತಾನದ ಎದುರು ಹ್ಯಾಟ್ರಿಕ್ ಸಹಿತ. ಮ್ಯಾಂಚೆಸ್ಟರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು ಬೆಂಚಿನ ಮೇಲೆ. ಭುವನೇಶ್ವರ್ ಬ್ಯಾಟ್ ಕೂಡ ಬೀಸಬಲ್ಲರು ಎಂಬ ಲೆಕ್ಕ ಅದರ ಹಿಂದಿತ್ತು ಎಂದೇ ಆಗ ಎಲ್ಲರೂ ಓದಿಕೊಂಡರು. ಭುವನೇಶ್ವರ್ ಚೆನ್ನಾಗಿಯೇ ಎಸೆದು ಮೂರು ವಿಕೆಟ್ ಪಡೆದರು. ಬೇಕಾಗಿದ್ದದ್ದು 240. ರೋಹಿತ್, ಕೊಹ್ಲಿ, ರಾಹುಲ್ ಮೂವರೂ ತಲಾ ಒಂದೊಂದು ರನ್ನಿಗೆ ಔಟ್. 18 ರನ್‌ಗಳ ಸೋಲು. ಮೇಲೆ ಛಾವಣಿ ಹಾರಿಹೋದಾಗ ಎಂಟನೆಯ ಕಂಬ ಎಷ್ಟು ಗಟ್ಟಿಯಾಗಿದ್ದರೇನು.

2023ರ ಏಕದಿನ ವಿಶ್ವಕಪ್ ಇನ್ನೂ ಸ್ಪಷ್ಟ. ಮೊದಲ ನಾಲ್ಕು ಪಂದ್ಯಗಳಲ್ಲಿ ಶಮಿ ಹೊರಗೆ. ಎಂಟರಲ್ಲಿ ಬ್ಯಾಟ್ ಮಾಡುವವನೇ ಬೇಕಿತ್ತು. ಪುಣೆಯಲ್ಲಿ ಹಾರ್ದಿಕ್ ಪಾಂಡ್ಯ ಗಾಯಗೊಂಡ ಮೇಲೆ ತಂಡದ ಸಮತೋಲನ ತಾನಾಗಿ ಕೆಟ್ಟಿತು, ಬೇರೆ ದಾರಿಯಿಲ್ಲದೆ ಶಮಿ ಬಂದರು. ಧರ್ಮಶಾಲಾದಲ್ಲಿ ಬಂದ ಕೂಡಲೇ ನ್ಯೂಜಿಲೆಂಡ್ ವಿರುದ್ಧ 5 ವಿಕೆಟ್, ಮುಂಬೈಯ ಸೆಮಿಫೈನಲ್‌ನಲ್ಲಿ 57ಕ್ಕೆ 7, ಒಟ್ಟು ಏಳು ಪಂದ್ಯಗಳಲ್ಲಿ 24. ಗಾಯ ಆಗದಿದ್ದರೆ ಆ 24ರಲ್ಲಿ ಎಷ್ಟು ಕಾಣುತ್ತಿದ್ದೆವು ಎಂಬುದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಫೈನಲ್‌ನಲ್ಲಿ ಮತ್ತೆ ಅದೇ ಟ್ರಾವಿಸ್ ಹೆಡ್, 137. ಆ ಮನುಷ್ಯನ ಹೆಸರನ್ನು ನಮ್ಮ ದರ್ಶಿನಿಯಲ್ಲಿ ಊಟದ ಮುಂಚೆ ಹೇಳುವುದಿಲ್ಲ.

ಆದರೂ ಓವಲ್‌ನಲ್ಲಿ ಈ ಭಯದ ವಾದ ಕೂಡ ಪೂರ್ತಿ ನಿಲ್ಲುವುದಿಲ್ಲ. ಅಶ್ವಿನ್ ಆ ಹೊತ್ತಿಗೆ ಟೆಸ್ಟ್‌ನಲ್ಲಿ ಐದು ಶತಕ ಹೊಡೆದಿದ್ದ ಬೌಲರ್. ಎಂಟರಲ್ಲಿ ಇದಕ್ಕಿಂತ ಒಳ್ಳೆಯ ಅಳಿಯ ಎಲ್ಲಿ ಸಿಗುತ್ತಾನೆ?

ಕೆ.ಎಲ್. ರಾಹುಲ್ ಇದ್ದಿದ್ದರೆ?

ಇದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಕೀಪರ್ ರಿಷಭ್ ಪಂತ್ 2022ರ ಡಿಸೆಂಬರ್ 30ರ ಕಾರು ಅಪಘಾತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ಬುಮ್ರಾ, ಶ್ರೇಯಸ್ ಅಯ್ಯರ್ ಇಬ್ಬರಿಗೂ ಬೆನ್ನಿನ ಶಸ್ತ್ರಚಿಕಿತ್ಸೆ. ರಾಹುಲ್ ಕೀಪಿಂಗ್ ಗ್ಲೌಸ್ ತೊಟ್ಟು ಮಧ್ಯಮ ಕ್ರಮಾಂಕದಲ್ಲಿ ಆಡಬಹುದು, ಆಗ ಒಬ್ಬ ಹೆಚ್ಚುವರಿ ಬೌಲರ್‌ಗೆ ಜಾಗ ಸಿಗುತ್ತದೆ ಎಂಬ ಮಾತು ನಡೆದಿತ್ತು. ಮೇ 1ರಂದು ಲಖನೌದಲ್ಲಿ, ಅದೂ ನಮ್ಮ ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ, ಚೆಂಡಿನ ಹಿಂದೆ ಓಡುವಾಗ ಅವರ ತೊಡೆಗೆ ಪೆಟ್ಟಾಯಿತು. ಅವರ ಜಾಗಕ್ಕೆ ಇಶಾನ್ ಕಿಶನ್ ಬಂದರು, ಕೀಪರ್ ಆಗಿ ಆಡಿದ್ದು ಕೆ.ಎಸ್. ಭರತ್, ಗಳಿಸಿದ್ದು 5 ಮತ್ತು 23.

ನಗು ಬರುವ ವಿಷಯ ಬೇರೆ. ಅದೇ ಫೆಬ್ರುವರಿಯಲ್ಲಿ ರಾಹುಲ್ ಉಪನಾಯಕ ಪಟ್ಟ ಕಳೆದುಕೊಂಡು ತಂಡದಿಂದ ಹೊರಬಿದ್ದಾಗ ‘ಇನ್ನೂ ಎಷ್ಟು ಅವಕಾಶ ಕೊಡುತ್ತೀರಿ’ ಎಂದು ಮೇಜು ಗುದ್ದಿದವರೇ, ಜೂನ್‌ನಲ್ಲಿ ‘2018ರಲ್ಲಿ ಓವಲ್‌ನಲ್ಲಿ 149 ಹೊಡೆದವನು, 2021ರಲ್ಲಿ ಲಾರ್ಡ್ಸ್‌ನಲ್ಲಿ 129 ಹೊಡೆದವನು, ಅವನಿರಬೇಕಿತ್ತು’ ಎಂದು ನಿಟ್ಟುಸಿರು ಬಿಟ್ಟರು. ಅವರಲ್ಲಿ ನಾನೂ ಒಬ್ಬ. ತಂಡದಲ್ಲಿಲ್ಲದ ಆಟಗಾರ ಪ್ರತಿದಿನ ಹತ್ತು ರನ್ ಹೆಚ್ಚು ಗಳಿಸುತ್ತಾ ಹೋಗುತ್ತಾನೆ.

2003ರಲ್ಲಿ ಕುಂಬ್ಳೆ ಅವರನ್ನು ಕೂರಿಸಿದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?

ನಮ್ಮ ಸೋದರಮಾವನನ್ನು ಕೇಳಿದರೆ ಎರಡೂ ಒಂದೇ ಪಾಪ. 2003ರ ಮಾರ್ಚ್ 23, ಭಾನುವಾರ, ವಿಶ್ವಕಪ್ ಫೈನಲ್, ಜೊಹಾನ್ಸ್‌ಬರ್ಗ್. ಮಾವನ ಮನೆಯಲ್ಲಿ ಹತ್ತು ಹದಿನೈದು ಮಂದಿ, ನಡುಮನೆಯಲ್ಲಿ ಚಾಪೆ. ತಂಡದ ಪಟ್ಟಿ ತೆರೆಯ ಮೇಲೆ ಬಂತು. ಮಾವ ಬೆರಳಿಟ್ಟು ಒಂದೊಂದೇ ಹೆಸರು ಓದಿದರು, ಕೊನೆ ಮುಟ್ಟಿ ಮತ್ತೆ ಮೇಲಿನಿಂದ ಓದಿದರು. ಕುಂಬ್ಳೆ ಇರಲಿಲ್ಲ. ಎದ್ದುಹೋಗಿ ಟಿ.ವಿ.ಯ ಧ್ವನಿ ಮುಚ್ಚಿ ಬಂದು ಕುಳಿತರು. ಇಡೀ ಪಂದ್ಯವನ್ನು ನಾವು ಮೂಕಿ ಚಿತ್ರದಂತೆ ನೋಡಿದೆವು.

ಹರ್ಭಜನ್ ಮೊದಲ ಆಯ್ಕೆಯ ಸ್ಪಿನ್ನರ್ ಆಗಿದ್ದರು, ದ್ರಾವಿಡ್ ಕೀಪಿಂಗ್ ಮಾಡುತ್ತಿದ್ದರು. ಅದರಿಂದ ಸಿಕ್ಕ ಜಾಗ ಇನ್ನೊಬ್ಬ ಬ್ಯಾಟರ್ ದಿನೇಶ್ ಮೊಂಗಿಯಾಗೆ ಹೋಗಿತ್ತು. ಆಸ್ಟ್ರೇಲಿಯಾ 2 ವಿಕೆಟ್‌ಗೆ 359, ಪಾಂಟಿಂಗ್ ಔಟಾಗದೆ 140. ಬಿದ್ದ ಎರಡೂ ವಿಕೆಟ್ ಸ್ಪಿನ್ನರ್ ಹರ್ಭಜನ್‌ಗೆ. ಶ್ರೀನಾಥ್ ಹತ್ತು ಓವರ್‌ಗಳಲ್ಲಿ 87 ಕೊಟ್ಟರು. ಐವತ್ತು ಓವರ್‌ಗಳಲ್ಲಿ ಹದಿನೈದನ್ನು ಎಸೆದವರು ಸೆಹ್ವಾಗ್, ತೆಂಡೂಲ್ಕರ್, ಮೊಂಗಿಯಾ, ಯುವರಾಜ್. ಕುಂಬ್ಳೆ ಬೆಂಚಿನಲ್ಲಿರುವಾಗ ಹದಿನೈದು ಓವರ್‌ಗಳು ಅರೆಕಾಲಿಕರ ಕೈಯಲ್ಲಿ! ಹೆಚ್ಚುವರಿ ಬ್ಯಾಟರ್ ಗಳಿಸಿದ್ದು 12. ಭಾರತ 234ಕ್ಕೆ ಆಲೌಟ್.

ಇಪ್ಪತ್ತು ವರ್ಷಗಳ ನಂತರ ಓವಲ್‌ನ ಎರಡನೆಯ ಇನಿಂಗ್ಸ್‌ನಲ್ಲಿ ಭಾರತ ಎಷ್ಟಕ್ಕೆ ಆಲೌಟ್ ಆಯಿತು ಗೊತ್ತೇ? 234. ಮಾವ ಅಂದು ರಾತ್ರಿ ಫೋನ್ ಮಾಡಿ ಆ ಒಂದು ಅಂಕಿಯನ್ನಷ್ಟೇ ಹೇಳಿ ಇಟ್ಟುಬಿಟ್ಟರು.

ಪಿಚ್, ಹವಾಮಾನ ನೋಡಿ ತಂಡ ಕಟ್ಟುವುದೇ ತಪ್ಪೇ?

ಅಲ್ಲ. ನೋಡದೆ ಕಟ್ಟಿದ ಪರಿಣಾಮವನ್ನೂ ಕಂಡಿದ್ದೇವೆ. 2021ರಲ್ಲಿ ಸೌತಾಂಪ್ಟನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್. ಭಾರತ ಹಿಂದಿನ ದಿನವೇ ಹನ್ನೊಂದು ಹೆಸರುಗಳನ್ನು ಪ್ರಕಟಿಸಿತು, ಅಶ್ವಿನ್ ಮತ್ತು ಜಡೇಜ ಇಬ್ಬರೂ ಇದ್ದರು. ಮೊದಲ ದಿನ ಪೂರ್ತಿ ಮಳೆ. ಟಾಸ್ ಕೂಡ ಆಗಿರಲಿಲ್ಲ, ಬದಲಾಯಿಸಲು ಅವಕಾಶವಿತ್ತು, ಬದಲಾಯಿಸಲಿಲ್ಲ. ನ್ಯೂಜಿಲೆಂಡ್ ಪೂರ್ಣಾವಧಿ ಸ್ಪಿನ್ನರ್ ಒಬ್ಬರನ್ನೂ ಇಳಿಸದೆ ಎಂಟು ವಿಕೆಟ್‌ಗಳಿಂದ ಗೆದ್ದಿತು. ಎರಡನೆಯ ಸ್ಪಿನ್ನರ್ ಜಡೇಜ ಎರಡೂ ಇನಿಂಗ್ಸ್ ಸೇರಿ ಒಂದೇ ವಿಕೆಟ್ ಪಡೆದರು. ಕೊನೆಯ ಇನಿಂಗ್ಸ್‌ನಲ್ಲಿ ಬಿದ್ದ ಎರಡು ವಿಕೆಟ್‌ಗಳು ಮಾತ್ರ ಅಶ್ವಿನ್‌ದು.

ಒಮ್ಮೆ ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದುತ್ತದೆ. 2023ರಲ್ಲಿ ಊದಿದ್ದು ಮಜ್ಜಿಗೆಯನ್ನು.

ಅಭಿಮಾನಿಗಳು ತಪ್ಪಿದ್ದೂ ಇದೆಯಲ್ಲವೇ?

ಬೇಕಾದಷ್ಟು. 2011ರ ಮೊಹಾಲಿ ಸೆಮಿಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಅಶ್ವಿನ್ ಬದಲು ನೆಹ್ರಾ ಎಂದಾಗ ನಾನು ಚಪ್ಪಲಿ ಮೆಟ್ಟಿ ಮನೆಯಿಂದ ಹೊರಗೆ ಹೋಗಿದ್ದೆ. ನೆಹ್ರಾ 33ಕ್ಕೆ 2 ತೆಗೆದರು, ಗೆದ್ದೆವು, ಕಪ್ ಕೂಡ ಬಂತು.

2025ರ ಜುಲೈನಲ್ಲಿ ಇಂಗ್ಲೆಂಡ್ ವಿರುದ್ಧ ಎಜ್‌ಬಾಸ್ಟನ್ ಟೆಸ್ಟ್. ಮೊದಲ ಟೆಸ್ಟ್ ಸೋತಾಗಿದೆ, ನಡುವೆ ವಾರದ ಬಿಡುವೂ ಸಿಕ್ಕಿದೆ, ಆದರೂ ಬುಮ್ರಾಗೆ ವಿಶ್ರಾಂತಿ! ಕುಲದೀಪ್ ಯಾದವ್ ಬೆಂಚಿನಲ್ಲಿ, ಎಂಟನೆಯ ಸ್ಥಾನಕ್ಕೆ ಬ್ಯಾಟ್ ಮಾಡಬಲ್ಲ ವಾಷಿಂಗ್ಟನ್ ಸುಂದರ್. ನನ್ನ ಇಡೀ ವಾದಕ್ಕೆ ಸವಾಲು ಹಾಕಿದಂತಿತ್ತು. ದರ್ಶಿನಿಯ ಮುಂದೆ ಅರ್ಧ ಗಂಟೆ ಭಾಷಣ ಮಾಡಿದೆ. ಗಿಲ್ ಮತ್ತು ಸುಂದರ್ ಏಳನೆಯ ವಿಕೆಟ್‌ಗೆ 144 ಸೇರಿಸಿದರು, ಗಿಲ್ 269 ಮತ್ತು 161 ಹೊಡೆದರು, ಬುಮ್ರಾ ಜಾಗಕ್ಕೆ ಬಂದ ಆಕಾಶ್ ದೀಪ್ ಹತ್ತು ವಿಕೆಟ್ ತೆಗೆದರು. 336 ರನ್‌ಗಳ ಗೆಲುವು, ಆ ಮೈದಾನದಲ್ಲಿ ಭಾರತಕ್ಕೆ ಮೊದಲನೆಯದು. ಮರುದಿನ ದರ್ಶಿನಿಗೆ ಸ್ವಲ್ಪ ತಡವಾಗಿ ಹೋದೆ.

2025ರ ಚಾಂಪಿಯನ್ಸ್ ಟ್ರೋಫಿಗೆ ಮೊದಲು ‘ಪಂತ್ ಬಿಟ್ಟು ರಾಹುಲ್ ಕೀಪರ್ ಏಕೆ’ ಎಂಬುದು ದೇಶದ ಪ್ರಶ್ನೆಯಾಗಿತ್ತು. ದುಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸೆಮಿಫೈನಲ್ ಅನ್ನು ಸಿಕ್ಸರ್ ಹೊಡೆದು ಮುಗಿಸಿದವರು ರಾಹುಲ್, ಔಟಾಗದೆ 42. ಫೈನಲ್‌ನಲ್ಲೂ ಔಟಾಗದೆ 34. ಕರ್ನಾಟಕದವರು ಮಾತ್ರ ಆ ಚರ್ಚೆಯಲ್ಲಿ ಮೊದಲಿನಿಂದಲೂ ಸರಿಯಾಗಿದ್ದರು ಎಂದು ವಿನಯದಿಂದ ದಾಖಲಿಸುತ್ತೇನೆ.

ಕರ್ನಾಟಕದವರನ್ನು ಬೇಕೆಂದೇ ಕಡೆಗಣಿಸುತ್ತಾರೆ ಎನ್ನುವುದು ನಿಜವೇ?

ಪ್ರತಿ ರಾಜ್ಯದ ದರ್ಶಿನಿಯಲ್ಲೂ ಇದೇ ಮಾತಿದೆ, ರಾಜ್ಯದ ಹೆಸರು ಮಾತ್ರ ಬೇರೆ. ತೊಂಬತ್ತರ ದಶಕದಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ ಒಟ್ಟೊಟ್ಟಿಗೆ ಆಡುತ್ತಿದ್ದಾಗ ಬೇರೆಯವರು ನಮ್ಮ ಬಗ್ಗೆ ಏನು ಮಾತಾಡಿಕೊಂಡಿರಬಹುದು? ಗದಗದ ಅದೇ ಜೋಶಿ 2020ರಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಓವಲ್ ಫೈನಲ್ ನಡೆದಾಗ ಬಿಸಿಸಿಐ ಅಧ್ಯಕ್ಷರು ಬೆಂಗಳೂರಿನ ರೋಜರ್ ಬಿನ್ನಿ, ಕೋಚ್ ದ್ರಾವಿಡ್. ಇನ್ನೆಷ್ಟು ಬೇಕು?

ಆದರೆ ಕರುಣ್ ನಾಯರ್ ವಿಷಯಕ್ಕೆ ಬಂದರೆ ನನಗೂ ಗಂಟಲು ಕಟ್ಟುತ್ತದೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303. ಅದರ ಮುಂದಿನ ಟೆಸ್ಟ್ ಹೈದರಾಬಾದಿನಲ್ಲಿ. ಗಾಯದಿಂದ ಚೇತರಿಸಿದ ರಹಾನೆ ಮರಳಿದರು, ತ್ರಿಶತಕ ಹೊಡೆದವನು ಹೊರಗೆ. 2018ರಲ್ಲಿ ಇಂಗ್ಲೆಂಡ್ ಪ್ರವಾಸದುದ್ದಕ್ಕೂ ತಂಡದ ಜೊತೆಗಿದ್ದರು, ಓವಲ್‌ನಲ್ಲಿ ಜಾಗ ಖಾಲಿಯಾದಾಗ ಕೊನೆಯಲ್ಲಿ ಬಂದು ಸೇರಿಕೊಂಡ ಹನುಮ ವಿಹಾರಿಗೆ ಅವಕಾಶ ಸಿಕ್ಕಿತು. (ವಿಹಾರಿ ಅರ್ಧ ಶತಕ ಹೊಡೆದರು, ಅವರದೇನೂ ತಪ್ಪಿಲ್ಲ.) ‘ಪ್ರೀತಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು’ ಎಂಬ ಅರ್ಥದಲ್ಲಿ ಕರುಣ್ 2022ರ ಕೊನೆಗೆ ಬರೆದುಕೊಂಡದ್ದನ್ನು ಓದಿ ಸುಮ್ಮನಿದ್ದವರು ಕಡಿಮೆ. ವಿದರ್ಭಕ್ಕೆ ಹೋದರು, 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್ ಗುಡ್ಡೆ ಹಾಕಿದರು, ರಣಜಿ ಫೈನಲ್‌ನಲ್ಲಿ ಶತಕ ಬಾರಿಸಿದರು, 2025ರಲ್ಲಿ ಮತ್ತೆ ಭಾರತದ ಟೋಪಿ ಧರಿಸಿದರು. ಅರ್ಧ ಶತಕ ಬಂದದ್ದು ಎಲ್ಲಿ? ಏಳು ವರ್ಷಗಳ ಹಿಂದೆ ಬೆಂಚಿನಲ್ಲಿ ಕೂರಿಸಿದ ಅದೇ ಓವಲ್‌ನಲ್ಲಿ, 57.

ಐಪಿಎಲ್‌ನಲ್ಲಿ ಮಿಂಚಿದವನನ್ನು ನೇರ ಟೆಸ್ಟ್ ತಂಡಕ್ಕೆ ಹಾಕಬಾರದೇ?

ಬೇಡ. ಮುಂದಿನ ಪ್ರಶ್ನೆ.

ಬಿಟ್ಟ ಆಟಗಾರನಿಗೆ ಹೇಗನ್ನಿಸುತ್ತದೆ?

ಫೈನಲ್‌ವರೆಗೆ ತಂಡವನ್ನು ತಂದವರಲ್ಲಿ ತಾನೂ ಒಬ್ಬನಾದ್ದರಿಂದ ಆಡಲು ಇಷ್ಟವಿತ್ತು ಎಂದು ಅಶ್ವಿನ್ ಆಮೇಲೆ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಎರಡು ವರ್ಷದ ಚಾಂಪಿಯನ್‌ಷಿಪ್‌ನಲ್ಲಿ ಅವರು 61 ವಿಕೆಟ್ ಪಡೆದಿದ್ದರು. 2024ರ ಡಿಸೆಂಬರ್ 18ರಂದು ಬ್ರಿಸ್ಬೇನ್‌ನಲ್ಲಿ, ಸರಣಿಯ ನಡುವೆಯೇ, 537 ಟೆಸ್ಟ್ ವಿಕೆಟ್‌ಗಳೊಂದಿಗೆ ವಿದಾಯ ಹೇಳಿದರು. ಆ ಪಂದ್ಯದಲ್ಲೂ ಅವರು ಹನ್ನೊಂದರಲ್ಲಿ ಇರಲಿಲ್ಲ.

ಗೆಳೆಯರ ನಡುವೆ ಈ ಜಗಳ ಕೈಮೀರದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮಲ್ಲಿ ಒಂದೇ ನಿಯಮ. ‘ಇಂಥವನು ಆಡಬೇಕು’ ಎನ್ನುವವನು ಅದೇ ಉಸಿರಿನಲ್ಲಿ ‘ಇಂಥವನನ್ನು ಬಿಡಿ’ ಎಂದು ಹೆಸರು ಹೇಳಬೇಕು. ಅರ್ಧಕ್ಕರ್ಧ ವಾದಗಳು ಅಲ್ಲೇ ಸಾಯುತ್ತವೆ. ಸೇರಿಸಲು ಎಲ್ಲರ ಬಳಿ ಹದಿನಾಲ್ಕು ಹೆಸರುಗಳಿರುತ್ತವೆ, ಬಿಡಲು ಯಾರ ಬಳಿಯೂ ಮೂರಿರುವುದಿಲ್ಲ. ಹೆಸರುಗಳನ್ನು ಟಾಸ್‌ಗೆ ಮೊದಲು ಚೀಟಿಯಲ್ಲಿ ಬರೆದು ಕಾಫಿ ಕೊಡುವ ಹುಡುಗನ ಕೈಗೆ ಕೊಡಬೇಕು. ಅವನು ಅವನ್ನು ಸಕ್ಕರೆ ಡಬ್ಬದ ಕೆಳಗೆ ಇಡುತ್ತಾನೆ. ಪಂದ್ಯ ಮುಗಿದ ಮೇಲೆ ತಪ್ಪಿದವರು ಉಳಿದವರಿಗೆ ಕಾಫಿ ಕೊಡಿಸಬೇಕು.

ಓವಲ್ ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಚೀಟಿಗಳನ್ನು ತೆಗೆದೆವು. ನಾನು ಗೆದ್ದೆ ಎಂದುಕೊಂಡೇ ಹೋಗಿದ್ದೆ. ಶಾರ್ದೂಲ್ ಪಕ್ಷದ ಮಿತ್ರ ತನ್ನ ಚೀಟಿಯನ್ನು ಮೇಜಿನ ಮೇಲೆ ಅಂಗೈಯಿಂದ ಸವರಿ ನೆಟ್ಟಗೆ ಮಾಡಿದ. ಎಂಟನೆಯ ಹೆಸರಿನ ಮುಂದೆ ಆವರಣದಲ್ಲಿ ‘50 ಹೊಡೆಯುತ್ತಾನೆ’ ಎಂದು ಬರೆದಿದ್ದ. ಹೊಡೆದದ್ದು 51. ಬಹಳ ಹೊತ್ತು ವಾದವಾಯಿತು. ಕೊನೆಗೆ ನಾನು ಅವನಿಗೆ, ಅವನು ನನಗೆ ಕಾಫಿ ಕೊಡಿಸಿದೆವು.